ನೂರಿಪ್ಪತ್ತು ವರ್ಷ ಬದುಕೋದು ನಿಮಗೆ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದವಳು. ಈಗ ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತ ಹಿರಿಯರ ಕೂಟಗಳಿಗೆ, ಮಹಿಳಾ ಮಂಡಳಿಗಳಿಗೆ ಕರೆದಲ್ಲಿ ಹೋಗಿ ಮುಪ್ಪಿನ ಬಗ್ಗೆ ಮಾತಾಡುತ್ತೇನೆ. ಹೋದಲ್ಲೆಲ್ಲ ನಾನು ಮೊದಲು ಕೇಳುವುದು ಒಂದೇ: "ನಿಮಗೆ ನೂರಿಪ್ಪತ್ತು ವರ್ಷ ಬದುಕೋದು ಬೇಕಾ?" ಆಮೇಲೆ ಅವರು ನನ್ನನ್ನು ಕೇಳೋಕೆ ಶುರು ಮಾಡುತ್ತಾರೆ. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು, ನನಗೆ ಗೊತ್ತಿರುವ ಉತ್ತರಗಳ ಜೊತೆ ಇಲ್ಲಿ ಬರೆದಿದ್ದೇನೆ.

ಜನರಿಗೆ ನಿಜವಾಗಲೂ ಅಷ್ಟು ವರ್ಷ ಬದುಕೋ ಆಸೆ ಇದೆಯಾ?

ಹೇಗೆ ಕೇಳುತ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. 2013ರಲ್ಲಿ ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ ಈ ಪ್ರಶ್ನೆ ಇಟ್ಟುಕೊಂಡು ದೊಡ್ಡ ಸಮೀಕ್ಷೆ ಮಾಡಿತ್ತು. ಮುಪ್ಪನ್ನು ನಿಧಾನ ಮಾಡಿ 120ರವರೆಗೆ ಬದುಕಿಸೋ ಚಿಕಿತ್ಸೆ ಬಂದರೆ ನೀವು ತಗೋತೀರಾ ಅಂತ ಕೇಳಿದರು. 100ರಲ್ಲಿ 56 ಜನ ಬೇಡ ಅಂದರು, 38 ಜನ ಬೇಕು ಅಂದರು. ಬೇರೆಯವರು ತಗೋತಾರಾ ಅಂತ ಕೇಳಿದ್ದಕ್ಕೆ ಮೂರರಲ್ಲಿ ಎರಡು ಪಾಲು ಜನ "ಹೌದು, ತಗೋತಾರೆ" ಅಂದರು! ನನಗೆ ಬೇಡ, ಆದರೆ ಪಕ್ಕದ ಮನೆಯವರಿಗೆ ಬೇಕಾಗಿರುತ್ತೆ ಅನ್ನೋ ಲೆಕ್ಕ. ನಿಮಗೆ ಎಷ್ಟು ವರ್ಷ ಆಯಸ್ಸು ಬೇಕು ಅಂದಾಗ ಬಂದ ಉತ್ತರಗಳನ್ನು ಸಾಲಾಗಿ ಜೋಡಿಸಿದರೆ ಸರಿಯಾಗಿ ನಡುವೆ ಬರೋ ಸಂಖ್ಯೆ 90. ಆಗ ಅಲ್ಲಿನ ಸರಾಸರಿ ಆಯಸ್ಸು 79ರ ಹತ್ತಿರ ಇತ್ತು. ಅಂದರೆ ಈಗ ಸಿಗೋದಕ್ಕಿಂತ ಹತ್ತು ಹನ್ನೊಂದು ವರ್ಷ ಜಾಸ್ತಿ ಸಾಕು ಅಂದ ಹಾಗಾಯ್ತು.

2015ರಲ್ಲಿ ಇನ್ನೊಂದು ಸಮೀಕ್ಷೆ ಪ್ರಕಟವಾಯಿತು, ಅದೂ ಅಮೆರಿಕದ್ದೇ. ಅದರಲ್ಲಿ "ಮೈಯೂ ಮನಸ್ಸೂ ಗಟ್ಟಿ ಇರುತ್ತೆ ಅನ್ನೋ ಖಾತ್ರಿ ಇದ್ದರೆ?" ಅಂತಲೂ ಕೇಳಿದ್ದರು. ಆಗ ಸುಮಾರು ಮುಕ್ಕಾಲು ಪಾಲು ಜನ 120 ಅಥವಾ ಅದಕ್ಕಿಂತ ಜಾಸ್ತಿ ಬೇಕು ಅಂದರು.

ನಮ್ಮ ಕೂಟಗಳಲ್ಲೂ ಹೀಗೇ ಆಗುತ್ತದೆ. ಮೊದಲು ಕೈ ಎತ್ತಿ ಅಂದರೆ ಒಬ್ಬಿಬ್ಬರು ಎತ್ತುತ್ತಾರೆ. "ಕಣ್ಣು ಕಾಣುತ್ತೆ, ಮಂಡಿ ನೋಯಲ್ಲ, ಯಾರ ಸಹಾಯವೂ ಬೇಕಾಗಿಲ್ಲ, ಆಗ?" ಅಂದರೆ ಹಿಂದಿನ ಸಾಲಿನಿಂದಲೂ ಕೈ ಏಳುತ್ತವೆ.

ನಮ್ಮ ಮನೆಯ ಹಿರಿಯರು "ಸಾಕಪ್ಪ, ಬೇಗ ಕರೆಸಿಕೊಂಡರೆ ಸಾಕು" ಅಂತಾರಲ್ಲ, ಅದು ಮನಸ್ಸಿನಿಂದ ಬಂದ ಮಾತಾ?

ಇದನ್ನು ನಾನು ಪುಸ್ತಕದಿಂದ ಕಲಿತಿದ್ದಲ್ಲ, ನಮ್ಮ ಅತ್ತೆಯಿಂದ ಕಲಿತಿದ್ದು. ಅವರು ತೀರಿಕೊಂಡಾಗ 96 ವರ್ಷ.

ಪ್ರತಿವರ್ಷ ಶಿವರಾತ್ರಿ ಕಳೆದ ಮೇಲೆ ಉಪ್ಪಿನಕಾಯಿಗೆ ಅಪ್ಪೆಮಿಡಿ ಮಾವು ಬರುತ್ತಿತ್ತು. ಜಗಲಿ ಮೇಲೆ ಗೋಣಿ ಹಾಸಿ ಸುರಿಯೋದು. ಅತ್ತೆ ಒಂದು ಮಣೆ ಹಾಕಿಕೊಂಡು ಕೂತು ಒಂದೊಂದೇ ಮಿಡಿ ಎತ್ತಿ, ತೊಟ್ಟು ಮುರಿದು, ಸೊನೆ ಮೂಸಿ ನೋಡುತ್ತಿದ್ದರು. ಜೀರಿಗೆ ಪರಿಮಳ ಇದ್ದದ್ದು ಒಂದು ಕಡೆ, ಬರೀ ಹುಳಿ ಘಾಟಿನದ್ದು ಇನ್ನೊಂದು ಕಡೆ. ಪೆಟ್ಟಾಗಿದ್ದರೆ ತೆಗೆದು ತಂಬುಳಿಗೆ. ಕಣ್ಣು ಮಂಜಾದ ಮೇಲೂ ಮೂಗಿನಿಂದಲೇ ಆರಿಸುತ್ತಿದ್ದರು. ಆರಿಸುತ್ತಲೇ "ಇದೇ ಕೊನೆ ವರ್ಷ ಮಾರಾಯ್ತಿ. ಬರೋ ವರ್ಷ ನಾನಿರಲ್ಲ" ಅನ್ನುತ್ತಿದ್ದರು. ಈ ಮಾತು ನಾನು ಕೇಳಿದ್ದು ಹತ್ತು ಹನ್ನೆರಡು ವರ್ಷ.

ಆಮೇಲೆ ಜಾಡಿಗೆ ಮಿಡಿ, ಕಲ್ಲುಪ್ಪು, ಮತ್ತೆ ಮಿಡಿ, ಕಲ್ಲುಪ್ಪು. ಮಿಡಿ ಸುಕ್ಕುಗಟ್ಟಿದ ಮೇಲೆ ಸಾಸಿವೆ, ಮೆಣಸು ಅರೆದು ಹಾಕೋದು. ಅತ್ತೆ ಯಾವತ್ತೂ ಎರಡು ಜಾಡಿ ಹಾಕಿಸುತ್ತಿದ್ದರು. ಒಂದು ಈ ವರ್ಷಕ್ಕೆ. ಇನ್ನೊಂದಕ್ಕೆ ಬಟ್ಟೆ ಕಟ್ಟಿ ಅಟ್ಟಕ್ಕೆ. "ಅದನ್ನ ಮುಟ್ಟಬೇಡ, ಅದು ಬರೋ ವರ್ಷದ್ದು."

ಸಾಕು ಅಂದದ್ದೂ ನಿಜ, ಅಟ್ಟದ ಜಾಡಿಯೂ ನಿಜ. ಅತ್ತೆ ಸುಳ್ಳು ಹೇಳುತ್ತಿರಲಿಲ್ಲ. "ಸಾಕು" ಅನ್ನೋದರ ಜೊತೆ ಅವರು ಇನ್ನೊಂದು ಮಾತು ಸೇರಿಸುತ್ತಿದ್ದರು, ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ: "ಕೈಕಾಲು ಗಟ್ಟಿ ಇರುವಾಗಲೇ ಹೋಗಬೇಕು. ಒಬ್ಬರ ಕೈಗೆ ಬೀಳಬಾರದು." ಅವರಿಗೆ ಬೇಡ ಆಗಿದ್ದು ವರ್ಷ ಅಲ್ಲ, ಆ ಕೈಗೆ ಬೀಳೋದು. ನಾವು "ಎಷ್ಟು ವರ್ಷ?" ಅಂತ ಕೇಳುತ್ತೇವೆ, ಅವರು "ಯಾರ ಕೈಯಲ್ಲಿ?" ಅನ್ನೋದಕ್ಕೆ ಉತ್ತರ ಕೊಡುತ್ತಾರೆ. ಇದು ಗೊತ್ತಾದ ಮೇಲೆ ಉಳಿದ ಪ್ರಶ್ನೆಗಳೆಲ್ಲ ನನಗೆ ಬೇರೆ ಥರ ಕಾಣತೊಡಗಿದವು.

ಇದುವರೆಗೆ ಮನುಷ್ಯರು ಅತಿ ಜಾಸ್ತಿ ಅಂದರೆ ಎಷ್ಟು ವರ್ಷ ಬದುಕಿದ್ದಾರೆ?

ದಾಖಲೆ ಇರುವ ಲೆಕ್ಕದಲ್ಲಿ 122 ವರ್ಷ, 164 ದಿನ. ಫ್ರಾನ್ಸಿನ ಆರ್ಲ್ ಊರಿನ ಜಾನ್ ಕಾಲ್ಮಾ ಅನ್ನೋ ಹೆಂಗಸು. 1875ರ ಫೆಬ್ರವರಿಯಲ್ಲಿ ಹುಟ್ಟಿ 1997ರ ಆಗಸ್ಟಿನಲ್ಲಿ ತೀರಿಕೊಂಡರು.

ಅವರ ಮನೆಯ ಕಥೆ ಕೇಳಿದವರು ಮರೆಯೋದಿಲ್ಲ. ಫ್ರಾನ್ಸಿನಲ್ಲಿ ಒಂದು ಪದ್ಧತಿ ಇದೆ. ವಯಸ್ಸಾದವರ ಮನೆ ಕೊಳ್ಳೋರು ಅವರು ಬದುಕಿರೋವರೆಗೆ ತಿಂಗಳಿಗೆ ಇಷ್ಟು ಅಂತ ಕೊಡುತ್ತಾ ಹೋಗುತ್ತಾರೆ, ಕಾಲವಾದ ಮೇಲೆ ಮನೆ ಕೊಂಡವರಿಗೆ. 1965ರಲ್ಲಿ ಕಾಲ್ಮಾಗೆ 90 ವರ್ಷ. 47 ವರ್ಷದ ನೋಟರಿಯೊಬ್ಬರು ಹೀಗೆ ಅವರ ಮನೆಗೆ ಒಪ್ಪಂದ ಮಾಡಿಕೊಂಡರು. ಮೂವತ್ತು ವರ್ಷ ದುಡ್ಡು ಕಟ್ಟಿದರು. 1995ರಲ್ಲಿ ತೀರಿಕೊಂಡವರು ಆ ನೋಟರಿ! ಮುಂದಿನ ಕಂತುಗಳನ್ನು ಅವರ ಮನೆಯವರು ಕಟ್ಟಬೇಕಾಯಿತು.

2018ರಲ್ಲಿ ರಷ್ಯಾದ ಇಬ್ಬರು ಸಂಶೋಧಕರು ಇದನ್ನು ಪ್ರಶ್ನೆ ಮಾಡಿದರು. ದಾಖಲೆಯ ಪ್ರಕಾರ ಕಾಲ್ಮಾ ಅವರ ಮಗಳು ಸತ್ತಿದ್ದು 1934ರಲ್ಲಿ. ಆಗ ಸತ್ತಿದ್ದು ಮಗಳಲ್ಲ, ತಾಯಿ. ತಾಯಿಯ ಹೆಸರಿನಲ್ಲಿ ಬದುಕಿದ್ದು ಮಗಳು ಅನ್ನೋದು ಅವರ ವಾದ. ಜನಸಂಖ್ಯಾ ತಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ದಾಖಲೆ ಹಾಗೇ ಉಳಿದಿದೆ.

ನಮ್ಮ ಕಡೆ 130, 140 ವರ್ಷ ಬದುಕಿದ ಅಜ್ಜಂದಿರ ಸುದ್ದಿ ಬರುತ್ತಲ್ಲ?

ಬರುತ್ತೆ. ಆದರೆ ಹಿಂದೆ ನಮ್ಮಲ್ಲಿ ಹುಟ್ಟಿದ ತಾರೀಕು ಬರೆದಿಡೋದು ಕಡಿಮೆ. ಪ್ಲೇಗು ಬಂದ ವರ್ಷ ಹುಟ್ಟಿದ್ದು, ಶರಾವತಿ ಅಣೆಕಟ್ಟಿನ ಮುಳುಗಡೆಗಿಂತ ಮೊದಲು ಮದುವೆಯಾಗಿದ್ದು, ಹೀಗೆ ಲೆಕ್ಕ. ಬೆಂಗಳೂರಿಗೆ ಪ್ಲೇಗು ಬಂದಿದ್ದು 1898ರಲ್ಲಿ. ಹಳ್ಳಿಗಳಲ್ಲಿ ಅದು ಆಮೇಲೂ ಎಷ್ಟೋ ಸಲ ಬಂದು ಹೋಯಿತು. ಯಾವ ಪ್ಲೇಗು ಅಂತ ಗೊತ್ತಿಲ್ಲದಿದ್ದರೆ ಇಪ್ಪತ್ತು ವರ್ಷ ಆ ಕಡೆ ಈ ಕಡೆ ಆಗೋದು ಸುಲಭ. ಅಜ್ಜ ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಹಿಡಿಯೋಕೆ ಕಾಗದ ಇಲ್ಲ, ಅಷ್ಟೆ.

ನೂರು ದಾಟಿದವರು ನಮ್ಮಲ್ಲಿ ಖಂಡಿತ ಇದ್ದರು. ಸರ್ ಎಂ. ವಿಶ್ವೇಶ್ವರಯ್ಯ 1962ರಲ್ಲಿ ತೀರಿಕೊಂಡಾಗ ನೂರು ದಾಟಿತ್ತು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದಾಗ 111 ವರ್ಷ. ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ಹೋದಾಗ 114 ಅಂದರು. ಹುಲಿಕಲ್ಲು ಕುದೂರು ದಾರಿಯಲ್ಲಿ ಅವರು ಬೆಳೆಸಿದ ಆಲದ ಮರಗಳು ಇವೆ, 385 ಅಂತ ಲೆಕ್ಕ. ಈ ಮೂವರಲ್ಲಿ ಯಾರ ಹೆಸರು ತೆಗೆದರೂ ಕೂಟದಲ್ಲಿ ಒಬ್ಬರೂ "ಅಷ್ಟು ವರ್ಷ ಯಾಕೆ ಬೇಕಿತ್ತು" ಅಂದಿದ್ದು ನಾನು ಕೇಳಿಲ್ಲ. ತಿಮ್ಮಕ್ಕನವರಿಗೆ ಮಕ್ಕಳಿರಲಿಲ್ಲ, ಮರಗಳನ್ನೇ ಮಕ್ಕಳು ಅಂದುಕೊಂಡಿದ್ದರು. ಸ್ವಾಮೀಜಿ ಸುತ್ತ ಸಾವಿರಾರು ಮಕ್ಕಳಿದ್ದರು.

ಹಿಂದಿನ ಕಾಲದವರು ನೂರು ವರ್ಷ ಗಟ್ಟಿಯಾಗಿ ಬದುಕುತ್ತಿದ್ದರಂತೆ. ಈಗಲೇ ಆಯಸ್ಸು ಕಡಿಮೆಯಾಗಿದೆ ಅಲ್ವಾ?

ಇಲ್ಲ. ಸ್ವಾತಂತ್ರ್ಯ ಬಂದಾಗ ಭಾರತದ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಸುಮಾರು 70. ಒಬ್ಬ ಮನುಷ್ಯನ ಜೀವಮಾನದಲ್ಲೇ ಆಯಸ್ಸು ಎರಡು ಪಟ್ಟಾಯಿತು. ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ, ಆದರೂ ಅದನ್ನು ನಾವು ಸುದ್ದಿ ಅಂತ ಅಂದುಕೊಳ್ಳೋದೇ ಇಲ್ಲ.

ಸರಾಸರಿ 32 ಅಂದರೆ ಎಲ್ಲರೂ 32ಕ್ಕೆ ಸಾಯುತ್ತಿದ್ದರು ಅಂತಲ್ಲ. ತೊಟ್ಟಿಲಲ್ಲೇ ಹೋಗೋ ಮಕ್ಕಳು ಅಷ್ಟಿದ್ದರು. ಬಾಣಂತನದಲ್ಲಿ ಹೋಗೋ ಹೆಂಗಸರು ಅಷ್ಟಿದ್ದರು. ನಮ್ಮ ಅತ್ತೆ ಹೆತ್ತಿದ್ದು ಒಂಬತ್ತು, ಉಳಿದಿದ್ದು ಐದು. ಅದನ್ನು ಅವರು ವಿಶೇಷ ಅಂತ ಹೇಳುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಹಾಗೇ ಇತ್ತು. ಅದೆಲ್ಲ ದಾಟಿ ಬಂದ ಗಟ್ಟಿಗರು ಮಾತ್ರ ನಮ್ಮ ಕಣ್ಣಿಗೆ ಅಜ್ಜ ಅಜ್ಜಿಯಾಗಿ ಕಂಡರು. ಅದಕ್ಕೇ ಆ ಕಾಲದವರೆಲ್ಲ ಗಟ್ಟಿ ಅನ್ನೋ ಭಾವನೆ.

ಇನ್ನೊಂದು ಲೆಕ್ಕ ನೋಡಿ. ಜಪಾನಿನಲ್ಲಿ 1963ರಲ್ಲಿ ನೂರು ದಾಟಿದವರು 153 ಜನ. 2025ರಲ್ಲಿ 99,763. ಅವರಲ್ಲಿ ನೂರಕ್ಕೆ 88ರಷ್ಟು ಹೆಂಗಸರು. ಜಾಸ್ತಿ ಬದುಕೋದರ ಪ್ರಶ್ನೆ ಮುಖ್ಯವಾಗಿ ಹೆಂಗಸರ ಪ್ರಶ್ನೆ ಅಂತ ನಾನು ಪ್ರತಿ ಕೂಟದಲ್ಲೂ ಹೇಳುತ್ತೇನೆ.

ವಿಜ್ಞಾನಿಗಳು ಮುಪ್ಪನ್ನೇ ನಿಲ್ಲಿಸುತ್ತಾರಂತೆ. ಎಲ್ಲಿಯವರೆಗೆ ಬಂದಿದೆ?

ಹುಳ, ಇಲಿಯವರೆಗೆ ಬಂದಿದೆ. ಮನುಷ್ಯರವರೆಗೆ ಬಂದಿಲ್ಲ.

1993ರಲ್ಲಿ ಸಿಂಥಿಯಾ ಕೆನ್ಯನ್ ಅನ್ನೋ ವಿಜ್ಞಾನಿ ಒಂದು ಮಿಲಿಮೀಟರ್ ಉದ್ದದ ದುಂಡುಹುಳದಲ್ಲಿ ಒಂದೇ ಒಂದು ಜೀನ್ ಬದಲಾದರೆ ಅದು ಎರಡು ಪಟ್ಟು ಬದುಕುತ್ತದೆ ಅಂತ ತೋರಿಸಿದರು. ಅದೂ ಮುದುಕಾಗಿ ಬಿದ್ದುಕೊಂಡಲ್ಲ, ಚುರುಕಾಗಿ ಓಡಾಡಿಕೊಂಡು. ಮುಪ್ಪು ಅಂದರೆ ಸೈಕಲ್ ಸವೆದ ಹಾಗೆ ಸುಮ್ನೆ ಸವೆಯೋದಲ್ಲ, ಒಳಗಿನಿಂದ ಅದರ ವೇಗ ಬದಲಾಯಿಸಬಹುದು ಅನ್ನೋದು ಆಗ ಗೊತ್ತಾಯಿತು.

ಆಮೇಲೆ ರಾಪಮೈಸಿನ್. ಈಸ್ಟರ್ ದ್ವೀಪದ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದಿಂದ ಸಿಕ್ಕ ಔಷಧ ಇದು. ಆ ದ್ವೀಪವನ್ನು ಅಲ್ಲಿನವರು ರಾಪಾ ನೂಯಿ ಅನ್ನುತ್ತಾರೆ, ಹೆಸರು ಬಂದಿದ್ದು ಅದರಿಂದ. ಕಿಡ್ನಿ ಬದಲಾಯಿಸಿಕೊಂಡವರಿಗೆ ಕೊಡುತ್ತಾರೆ. 2009ರಲ್ಲಿ ಇದನ್ನು 600 ದಿನದ ಇಲಿಗಳಿಗೆ ಕೊಟ್ಟು ನೋಡಿದರು. ನಮ್ಮ ಲೆಕ್ಕದಲ್ಲಿ ಅದು ಅರವತ್ತರ ಹತ್ತಿರದ ವಯಸ್ಸು. ಅಷ್ಟು ತಡವಾಗಿ ಶುರು ಮಾಡಿದರೂ ಆಯಸ್ಸು ಹೆಣ್ಣಿಲಿಗಳಲ್ಲಿ ನೂರಕ್ಕೆ 14, ಗಂಡಿಲಿಗಳಲ್ಲಿ 9 ಜಾಸ್ತಿಯಾಯಿತು. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ನಾಲ್ಕು ಜೀನ್‌ಗಳ ಸಹಾಯದಿಂದ ಬೆಳೆದ ಜೀವಕೋಶವನ್ನು ಮತ್ತೆ ಎಳೆಯದಾಗಿ ಮಾಡಿದರು, 2012ರಲ್ಲಿ ನೊಬೆಲ್ ಬಂತು. ಅದೇ ದಾರಿಯಲ್ಲಿ ಈಗ ದೊಡ್ಡ ದೊಡ್ಡ ಕಂಪನಿಗಳು ದುಡ್ಡು ಸುರಿಯುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ 2024ರಲ್ಲಿ ಲಾಂಜೆವಿಟಿ ಇಂಡಿಯಾ ಅನ್ನೋ ಕೆಲಸ ಶುರುವಾಗಿದೆ. ಅವರು ನೋಡುತ್ತಿರೋದು ಭಾರತದವರು ಹೇಗೆ ಮುಪ್ಪಾಗುತ್ತಾರೆ ಅನ್ನೋದನ್ನು. ಇದು ಬೇಕಾಗಿತ್ತು. ಇಲ್ಲಿಯವರೆಗಿನ ಲೆಕ್ಕಗಳಲ್ಲಿ ಹೆಚ್ಚಿನವು ಪಶ್ಚಿಮದ ದೇಶಗಳವು.

ಒಂದೊಂದೇ ಕಾಯಿಲೆ ವಾಸಿ ಮಾಡುತ್ತಾ ಹೋದರೆ ಸಾಲದಾ?

ಸಾಲದು. 1825ರಲ್ಲೇ ಬೆಂಜಮಿನ್ ಗೊಂಪರ್ಟ್ಜ್ ಅನ್ನೋ ಇಂಗ್ಲೆಂಡಿನ ಗಣಿತಜ್ಞರು ಒಂದು ವಿಷಯ ಕಂಡುಹಿಡಿದರು. ದೊಡ್ಡವರಾದ ಮೇಲೆ ವಯಸ್ಸು ಏರಿದ ಹಾಗೆ ಸಾಯುವ ಸಂಭವ ಪಟ್ಟು ಪಟ್ಟಾಗಿ ಏರುತ್ತದೆ. ಈಗಿನ ಲೆಕ್ಕದಲ್ಲಿ ಸುಮಾರು ಎಂಟು ವರ್ಷಕ್ಕೊಮ್ಮೆ ಎರಡು ಪಟ್ಟು. ಹಾಗಾಗಿ ಕ್ಯಾನ್ಸರ್ ಒಂದನ್ನೇ ಪೂರ್ತಿ ಗೆದ್ದರೂ ಸರಾಸರಿ ಆಯಸ್ಸಿಗೆ ಸೇರೋದು ಮೂರು ವರ್ಷದಷ್ಟು ಮಾತ್ರ. ಕ್ಯಾನ್ಸರ್‌ನಿಂದ ಉಳಿದವರನ್ನು ಹೃದಯ ಹಿಡಿಯುತ್ತದೆ, ಹೃದಯ ಬಿಟ್ಟರೆ ಮರೆವು. ಮುಪ್ಪಿನ ವೇಗವನ್ನೇ ತಗ್ಗಿಸಿದರೆ ಮಾತ್ರ ಎಲ್ಲವೂ ಒಟ್ಟಿಗೆ ಹಿಂದೆ ಸರಿಯುತ್ತವೆ. ಅದಾದರೆ ಅತ್ತೆ ಹೇಳಿದ ಹಾಗೆ ಕೈಕಾಲು ಗಟ್ಟಿ ಇರೋ ವರ್ಷಗಳೇ ಜಾಸ್ತಿಯಾಗುತ್ತವೆ. ನಾನು ಈ ಸಂಶೋಧನೆಯ ಪರ ನಿಲ್ಲೋದು ಅದಕ್ಕೇ.

ಆಯಸ್ಸು ಹೆಚ್ಚಿಸೋ ಮಾತ್ರೆ, ಪುಡಿ ಅಂತ ಮಾರುತ್ತಾರಲ್ಲ, ತಗೋಬಹುದಾ?

ಬೇಡ. ಮನುಷ್ಯರ ಆಯಸ್ಸು ಜಾಸ್ತಿ ಮಾಡುತ್ತೆ ಅಂತ ಸಾಬೀತಾದ ಮಾತ್ರೆ ಇವತ್ತಿಗೆ ಒಂದೂ ಇಲ್ಲ. ರಾಪಮೈಸಿನ್ ಅಂತೂ ಸುಮ್ನೆ ತಗೊಳ್ಳೋದಲ್ಲ, ಅದು ಸೋಂಕು ತಡೆಯೋ ಶಕ್ತಿಯನ್ನೇ ತಗ್ಗಿಸುತ್ತದೆ. ಬಿ.ಪಿ. ನೋಡಿಸಿಕೊಳ್ಳಿ, ಸಕ್ಕರೆ ನೋಡಿಸಿಕೊಳ್ಳಿ, ಹೊಗೆಸೊಪ್ಪು ಬಿಡಿ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ಜಾರಿ ಬಿದ್ದು ಸೊಂಟ ಮುರಿದುಕೊಂಡು ಮೇಲೇಳದವರನ್ನು ನಾನು ತುಂಬಾ ನೋಡಿದ್ದೇನೆ.

ಅಷ್ಟು ವರ್ಷ ಬದುಕಿದರೆ ಬೇಜಾರಾಗಲ್ವಾ? ಯಯಾತಿಗೂ ಕೊನೆಗೆ ಸಾಕಾಯಿತಲ್ಲ?

ಯಯಾತಿ ಕಥೆ ಎಲ್ಲ ಕೂಟದಲ್ಲೂ ಬರುತ್ತೆ. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂತು, ಮಗ ಪುರುವಿನ ಹತ್ತಿರ ಯೌವನ ಇಸಕೊಂಡ, ಸಾವಿರ ವರ್ಷ ಸುಖಪಟ್ಟ, ಆಸೆ ತೀರಲಿಲ್ಲ, ವಾಪಸ್ ಕೊಟ್ಟ. ಆಸೆಗೆ ಕೊನೆ ಇಲ್ಲ ಅಂತ ಪಾಠ ಹೇಳಿ ಮುಗಿಸುತ್ತಾರೆ.

ಆ ಸಾವಿರ ವರ್ಷ ಪುರು ಏನು ಮಾಡುತ್ತಿದ್ದ? ಇದನ್ನು ಯಾರೂ ಕೇಳೋದಿಲ್ಲ. ಅಪ್ಪನ ಸುಕ್ಕು, ಅಪ್ಪನ ನಡುಕ ಎಲ್ಲ ಅವನ ಮೈ ಮೇಲೆ. ಅಪ್ಪನಿಗೆ ಸಿಕ್ಕ ಪ್ರತಿಯೊಂದು ವರ್ಷವನ್ನೂ ಹೊತ್ತವನು ಮಗ. ನನಗೆ ಈ ಕಥೆಯಲ್ಲಿ ಕಾಣೋದು ಅದೇ. ಒಬ್ಬರಿಗೆ ಆಯಸ್ಸು ಸಿಕ್ಕಾಗ ಆ ಮುಪ್ಪನ್ನು ಹೊರೋರು ಯಾರು? ನಮ್ಮ ಮನೆಗಳಲ್ಲಿ ಆ ಪುರು ಸಾಮಾನ್ಯವಾಗಿ ಮಗಳು, ಇಲ್ಲಾ ಸೊಸೆ.

ಬೇಜಾರಿನ ಮಾತಿಗೆ ಬಂದರೆ, ಆರೋಗ್ಯವಾಗಿರೋ ಮುದುಕರಲ್ಲಿ ಬೇಜಾರಿಂದ ಸಾಯಬೇಕು ಅಂದವರನ್ನು ನಾನು ಕಂಡಿಲ್ಲ. ಒಂಟಿತನದಿಂದ ಅಂದವರನ್ನು ಕಂಡಿದ್ದೇನೆ. ಎರಡನ್ನೂ ಒಂದೇ ಮಾಡಬಾರದು.

ನಮ್ಮವರೆಲ್ಲ ಹೋದ ಮೇಲೆ ಒಬ್ಬರೇ ಉಳಿದರೆ?

ಇದು ನಿಜವಾದ ಭಯ. ಕಾಲ್ಮಾ ಅವರನ್ನೇ ನೋಡಿ. ಮಗಳು 1934ರಲ್ಲಿ ಹೋದಳು, ಗಂಡ 1942ರಲ್ಲಿ, ಇದ್ದ ಒಬ್ಬನೇ ಮೊಮ್ಮಗ 1963ರಲ್ಲಿ ಅಪಘಾತದಲ್ಲಿ. ಆಮೇಲೂ ಅವರು 34 ವರ್ಷ ಇದ್ದರು.

ಅತ್ತೆಯ ಅಕ್ಕತಂಗಿಯರೆಲ್ಲ ಹೋಗಿ ಅವರೊಬ್ಬರೇ ಉಳಿದಾಗ ಒಂದು ಮಾತು ಹೇಳಿದ್ದರು: "ನನ್ನ ಹೆಸರು ಹಿಡಿದು ಏಕವಚನದಲ್ಲಿ ಕರೆಯೋರು ಇನ್ನು ಯಾರೂ ಇಲ್ಲ." ಆವತ್ತಿನ ತನಕ ನನಗೆ ಅದು ಹೊಳೆದೇ ಇರಲಿಲ್ಲ. ನಾವೆಲ್ಲ ಅಮ್ಮ, ಅತ್ತೆ, ಅಜ್ಜಿ ಅನ್ನುತ್ತಿದ್ದೆವು.

ಎಲ್ಲರೂ ಒಟ್ಟಿಗೆ ಜಾಸ್ತಿ ಬದುಕಿದರೆ ಈ ಕಷ್ಟ ಸ್ವಲ್ಪ ಕಡಿಮೆಯಾಗುತ್ತದೆ, ಅಕ್ಕತಂಗಿಯರೂ ಇರುತ್ತಾರಲ್ಲ. ಒಬ್ಬರಿಗೆ ಮಾತ್ರ ಸಿಕ್ಕರೆ ಅದು ಶಿಕ್ಷೆ.

ದೀರ್ಘಾಯುಸ್ಸು ಬಯಸೋದು ಧರ್ಮಕ್ಕೆ ವಿರುದ್ಧ ಅಲ್ವಾ?

ಹಾಗಿದ್ದರೆ ನಾವು ಕಾಲಿಗೆ ಬಿದ್ದವರಿಗೆ "ನೂರು ಕಾಲ ಬಾಳು" ಅಂತ ಯಾಕೆ ಹರಸುತ್ತೇವೆ? ಅರವತ್ತಕ್ಕೆ ಷಷ್ಟಿಪೂರ್ತಿ, ಎಪ್ಪತ್ತಕ್ಕೆ ಭೀಮರಥಶಾಂತಿ, ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರ ಚಂದ್ರದರ್ಶನ. ಸಾವಿರ ಹುಣ್ಣಿಮೆ ಅಂದರೆ ಎಂಬತ್ತು ವರ್ಷ ದಾಟಿ ಹತ್ತು ತಿಂಗಳು. ಇದೆಲ್ಲ ಜಾಸ್ತಿ ಬದುಕಿದ್ದಕ್ಕೆ ಹಬ್ಬವೇ ಅಲ್ವಾ.

ಅದೇ ಬಾಯಲ್ಲಿ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಕೇಳಿಕೊಳ್ಳೋದು ಬೇರೆ: ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ. ನೋವಿಲ್ಲದ ಸಾವು ಕೊಡು, ಯಾರ ಮುಂದೂ ಕೈಚಾಚದ ಬದುಕು ಕೊಡು. ಇಲ್ಲಿ ವರ್ಷದ ಲೆಕ್ಕವೇ ಇಲ್ಲ ನೋಡಿ.

ಚಿರಂಜೀವಿಗಳಲ್ಲೂ ಎರಡು ಥರ. ಹನುಮಂತನಿಗೆ ಸಾವಿಲ್ಲದಿರೋದು ವರ. ಅಶ್ವತ್ಥಾಮನಿಗೆ ಅದೇ ಶಾಪ: ಕೀವು ರಕ್ತ ಸುರಿಯೋ ಗಾಯ, ಕಾಡಲ್ಲಿ ಒಬ್ಬನೇ ಅಲೆದಾಟ, ಹತ್ತಿರ ಸೇರಿಸೋರಿಲ್ಲ. ಆಯಸ್ಸು ಇಬ್ಬರಿಗೂ ಇದೆ. ಒಬ್ಬನಿಗೆ ಮಾಡೋಕೆ ಕೆಲಸ ಇದೆ, ಪ್ರೀತಿ ಇದೆ. ಇನ್ನೊಬ್ಬನಿಗೆ ಬರೀ ಗಾಯ.

ಜೈನರ ದಾರಿ ಬೇರೆ. ಶ್ರವಣಬೆಳಗೊಳದ ಚಂದ್ರಗಿರಿ ಹತ್ತಿದರೆ ಬಂಡೆ ತುಂಬ ಶಾಸನಗಳು. ಸಲ್ಲೇಖನ ಮಾಡಿದವರನ್ನು ನೆನೆಯೋ ಶಾಸನಗಳು, ಏಳನೇ ಶತಮಾನದವೂ ಇವೆ. ಮೈ ಇನ್ನು ಸಹಕರಿಸಲ್ಲ ಅಂತಾದಾಗ ಅನ್ನ ನೀರು ಬಿಟ್ಟು ಶಾಂತವಾಗಿ ಹೋಗೋದು. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಅಪರಾಧ ಅಂದಿತು. ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆ ಬಂಡೆಗಳ ಮುಂದೆ ನಿಂತಾಗ ನನಗೆ ಗೌರವ ಬರುತ್ತದೆ. ನಾನು ಆ ದಾರಿ ಹಿಡಿಯೋಳಲ್ಲ, ಆದರೂ.

ಜನಸಂಖ್ಯೆ ಸಿಕ್ಕಾಪಟ್ಟೆ ಆಗಲ್ವಾ?

ಜನಸಂಖ್ಯೆಯನ್ನು ಮುಖ್ಯವಾಗಿ ಏರಿಸೋದು ಹುಟ್ಟು. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಅದು. ಜನಸಂಖ್ಯೆ ಹಾಗೇ ನಿಲ್ಲೋಕೆ 2.1 ಬೇಕು. ನಮ್ಮ ಹಳ್ಳಿಗಳಲ್ಲಿ ಶಾಲೆ ಮುಚ್ಚುತ್ತಿರೋದು ನೋಡಿದರೆ ಜನ ಜಾಸ್ತಿಯಾಗೋ ಚಿಂತೆ ನನಗೆ ಬರೋದಿಲ್ಲ.

ದುಡ್ಡಿಗೆ ಏನು ಮಾಡೋದು? 60ಕ್ಕೆ ನಿವೃತ್ತಿಯಾಗಿ 120ರವರೆಗೆ?

ಆಗೋದಿಲ್ಲ. ಅರವತ್ತು ವರ್ಷದ ಪೆನ್ಷನ್ ಯಾವ ಸರ್ಕಾರವೂ ಕೊಡಲಾರದು. ಆಯಸ್ಸು ಏರಿದರೆ ಕೆಲಸದ ವಯಸ್ಸೂ ಏರಬೇಕು. ಎಪ್ಪತ್ತಕ್ಕೆ ಹೊಸ ಕೆಲಸ ಕಲಿಯೋಕೆ ದಾರಿ ಇರಬೇಕು.

ನಮ್ಮಲ್ಲಿ ಹೆಚ್ಚಿನವರಿಗೆ ಪೆನ್ಷನ್ನೇ ಇಲ್ಲ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಸಿಗೋದು ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಮಾತ್ರೆ ತಗೊಂಡರೆ ಅಕ್ಕಿ ಇಲ್ಲ. ಒಂದು ಕೂಟದಲ್ಲಿ ಅಡಿಕೆ ಸುಲಿಯೋ ಕೆಲಸಕ್ಕೆ ಹೋಗೋ ಎಪ್ಪತ್ತೆರಡರ ಹೆಂಗಸೊಬ್ಬರು ಎದ್ದು ನಿಂತು "ಟೀಚರ್, ನೂರಿಪ್ಪತ್ತು ಅಂದ್ರೆ ಇನ್ನೂ ನಲವತ್ತೆಂಟು ವರ್ಷ ಸುಲೀಬೇಕಾ?" ಅಂದರು. ನಾನು ಉತ್ತರ ಹೇಳಲಿಲ್ಲ. ಇವತ್ತಿಗೂ ಅದು ನನ್ನ ಹತ್ತಿರ ಇಲ್ಲ. ಆಯಸ್ಸಿನ ಬಗ್ಗೆ ಮಾತಾಡೋ ಕಂಪನಿಗಳು ಮೊದಲು ಅವರ ಮುಂದೆ ಬಂದು ಕೂರಬೇಕು.

ಆಸ್ತಿ ಮಾತೂ ಬರುತ್ತೆ. ಅಪ್ಪನಿಗೆ 120 ಅಂದರೆ ಮಗನಿಗೆ 90, ತೋಟ ಇನ್ನೂ ಅಪ್ಪನ ಹೆಸರಲ್ಲಿ! ನಮ್ಮ ಕಡೆ ಈಗಲೇ ಐವತ್ತೈದರ ಗಂಡಸರು ಗೊಬ್ಬರ ತರೋಕೂ ಅಪ್ಪನ ಮುಖ ನೋಡುತ್ತಾರೆ. ಹಿರಿಯರು ಬದುಕಿರುವಾಗಲೇ ಜವಾಬ್ದಾರಿ ಕೈ ಬದಲಾಗೋ ರೂಢಿ ಬರದಿದ್ದರೆ ಕಷ್ಟ ಇದೆ.

ಬದುಕಬೇಕು ಅಂತ ಹೇಳುತ್ತೀರಿ. ಆದರೆ ಆಸ್ಪತ್ರೆಯಲ್ಲಿ ಯಂತ್ರ ಹಾಕಿ ಎಳೆಯುತ್ತಾರಲ್ಲ, ಅದೂ ಬೇಕಾ?

ನನಗೆ ಬೇಡ. ಬದುಕೋದು ಬೇರೆ, ಸಾಯೋದನ್ನು ಎಳೆಯೋದು ಬೇರೆ.

ನಮ್ಮ ದೊಡ್ಡಪ್ಪನನ್ನು ಒಂದು ಆಸ್ಪತ್ರೆಯಲ್ಲಿ 19 ದಿನ ವೆಂಟಿಲೇಟರ್ ಮೇಲೆ ಇಟ್ಟಿದ್ದರು. ಇನ್ನು ಎಚ್ಚರ ಬರೋದಿಲ್ಲ ಅಂತ ಮೂರನೇ ದಿನವೇ ಡಾಕ್ಟರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. "ಸಾಕು" ಅನ್ನೋ ಧೈರ್ಯ ಯಾರಿಗೂ ಇಲ್ಲ. ಅಂದವರು ಅಪ್ಪನನ್ನು ಕೊಂದ ಹಾಗೆ ಅನ್ನೋ ಹೆದರಿಕೆ. ದೊಡ್ಡಪ್ಪ ಏನು ಬಯಸಿದ್ದರು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಎಂಬತ್ತೊಂದು ವರ್ಷ ಜೊತೆಗಿದ್ದರೂ ಯಾರೂ ಕೇಳಿರಲಿಲ್ಲ.

ಈಗ ಅದಕ್ಕೆ ದಾರಿ ಇದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಘನತೆಯಿಂದ ಸಾಯೋದೂ ಹಕ್ಕು ಅಂದಿತು. ಪ್ರಜ್ಞೆ ಇರುವಾಗಲೇ "ನನಗೆ ಇಂಥ ಚಿಕಿತ್ಸೆ ಬೇಡ" ಅಂತ ಬರೆದಿಡಬಹುದು. ಇದನ್ನು ಲಿವಿಂಗ್ ವಿಲ್ ಅನ್ನುತ್ತಾರೆ. 2023ರಲ್ಲಿ ನಿಯಮ ಸುಲಭ ಆಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ನಿಮ್ಮ ಪರವಾಗಿ ಮಾತಾಡೋರು ಯಾರು ಅಂತಲೂ ಬರೆಯಬಹುದು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರೋ ಆದೇಶ ಹೊರಡಿಸಿತು. ನಿರ್ಧಾರ ಒಬ್ಬ ಡಾಕ್ಟರ್ ಕೈಯಲ್ಲಿಲ್ಲ, ಎರಡು ವೈದ್ಯರ ಮಂಡಳಿಗಳು ನೋಡಬೇಕು. ವಿಷದ ಇಂಜೆಕ್ಷನ್ ಕೊಡೋದಕ್ಕೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ, ಇದು ಅದಲ್ಲ. ವಾಸಿಯಾಗದ ಕ್ಯಾನ್ಸರ್ ಇರೋರಿಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ದುಡ್ಡು ತಗೊಳ್ಳದೆ ಕೊನೆಯ ದಿನಗಳ ಆರೈಕೆ ಮಾಡುತ್ತಾರೆ. ಇಂಥ ಜಾಗ ಪ್ರತಿ ಜಿಲ್ಲೆಯಲ್ಲೂ ಬೇಕು.

ನೋಡಿಕೊಳ್ಳೋರಿಗೆ ಸಹಾಯ ಎಲ್ಲಿ ಸಿಗುತ್ತೆ?

ಹಿರಿಯರಿಗೆ ಅಂತಲೇ 14567 ಸಹಾಯವಾಣಿ ಇದೆ, ಕರೆ ಉಚಿತ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಕಾಯ್ದೆಯ ಪ್ರಕಾರ ಜೀವನಾಂಶ ಕೇಳಬಹುದು. ನೋಡಿಕೊಳ್ಳೋ ಸೊಸೆಗೆ ಒಂದು ವಾರ ರಜೆ ಬೇಕು ಅಂದರೆ ಮಾತ್ರ ನಮ್ಮ ಕಡೆ ಯಾವ ವ್ಯವಸ್ಥೆಯೂ ಕಾಣಲಿಲ್ಲ. ನಾನು ಹುಡುಕಿದ್ದೆ.

ಮನೆಯಲ್ಲಿ ಈ ಮಾತು ಹೇಗೆ ತೆಗೆಯೋದು? ಅಪಶಕುನ ಅಂತಾರೆ.

ಎದುರುಬದುರು ಕೂತು "ಸಾವಿನ ಬಗ್ಗೆ ಮಾತಾಡೋಣ" ಅನ್ನಬೇಡಿ. ಕೈಯಲ್ಲಿ ಕೆಲಸ ಇರುವಾಗ ಕೇಳಿ. ಅವರೆ ಸುಲಿಯುವಾಗ, ಬಸ್ಸಿಗೆ ಕಾಯುವಾಗ. ಬೇರೆ ಯಾರದ್ದೋ ಸುದ್ದಿಯಿಂದ ಶುರು ಮಾಡಿ: "ಅವರನ್ನ ಆಸ್ಪತ್ರೆಯಲ್ಲೇ ಇಟ್ಟಿದ್ದು ಸರಿಯಾ ಅತ್ತೆ? ನಿಮಗಾದರೆ ಏನು ಬೇಕಿತ್ತು?" ನಾನು ಕೇಳಿದ್ದು ಹಾಗೇ. ಅತ್ತೆ ಮಿಡಿ ಆರಿಸುತ್ತಲೇ, ತಲೆ ಎತ್ತದೆ ಹೇಳಿದರು: "ಮನೇಲೇ ಇರಬೇಕು. ಜಗಲಿ ಕಾಣಬೇಕು. ಬಾಯಿಗೆ ನಳಿಗೆ ಬೇಡ." ಮೂರು ವಾಕ್ಯ. ಕೊನೆಗೆ ಹಾಗೇ ಮಾಡೋಕಾಯಿತು, ಯಾಕೆಂದರೆ ಕೇಳಿ ಇಟ್ಟುಕೊಂಡಿದ್ದೆವು.

ಕೊನೆಗೆ, ನಿಮಗೆ ಎಷ್ಟು ವರ್ಷ ಬೇಕು?

ನನಗೀಗ 64. ಅತ್ತೆಯ ಕೊನೆಯ ಐದು ವರ್ಷ ಸ್ನಾನ ಮಾಡಿಸಿದ್ದು ನಾನೇ. ರಾತ್ರಿ ಮೂರು ಸಲ ಏಳುತ್ತಿದ್ದೆ. ಪ್ರೀತಿ ಇತ್ತು, ಸುಸ್ತೂ ಇತ್ತು. ಒಂದೆರಡು ದಿನ ಸಿಟ್ಟಿನಿಂದ ಚೊಂಬು ಕುಕ್ಕಿದ್ದೂ ಉಂಟು, ಅದು ಅತ್ತೆಗೆ ಕೇಳಿಸಿರುತ್ತದೆ. ಆದ್ದರಿಂದ ಜಾಸ್ತಿ ಬದುಕಬೇಕು ಅನ್ನುವಾಗ ಅದನ್ನು ಯಾರ ಮೇಲೆ ಹೊರಿಸುತ್ತಿದ್ದೇನೆ ಅನ್ನೋದು ನನಗೆ ಚೆನ್ನಾಗಿ ಗೊತ್ತು.

ಆದರೂ ಬೇಕು ಅಂತಲೇ ಹೇಳುತ್ತೇನೆ, ನೂರಿಪ್ಪತ್ತು. ಓದಬೇಕಾದ್ದು ತುಂಬಾ ಇದೆ. ಮೊಮ್ಮಗಳ ಮಗಳನ್ನು ನೋಡಬೇಕು. ಮುಪ್ಪಿನ ಗುಟ್ಟು ಬಿಡಿಸಿದರಾ ಇಲ್ಲವಾ ಅಂತ ತಿಳಿಯಬೇಕು.

ಇದನ್ನು ಬರೆಯೋ ಮೊದಲು ಮೈಸೂರಿನಲ್ಲಿರೋ ಮಗಳಿಗೆ ಫೋನ್ ಮಾಡಿ ಕೇಳಿದೆ, ಹೊರೋಳು ಅವಳಲ್ವಾ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ನಿಂಗೆ ನೂರಿಪ್ಪತ್ತಾದಾಗ ನಂಗೆ ತೊಂಬತ್ತೆರಡು ಅಮ್ಮ. ಯಾರು ಯಾರನ್ನ ನೋಡಿಕೊಳ್ಳೋದು?" ಅಂದಳು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಮಿಡಿ ಬಂತಾ ಅಲ್ಲಿ?" ಅಂತ ಕೇಳಿದಳು. ಬಂದಿಲ್ಲ, ಮುಂದಿನ ವಾರ ಬರುತ್ತೆ ಅಂದೆ. ಶನಿವಾರ ಬರ್ತೀನಿ, ನಾನಿಲ್ಲದೆ ಆರಿಸಬೇಡ ಅಂದಳು.